ಟ್ರಾನೆಕ್ಸಾಮಿಕ್ ಆಸಿಡ್: ಪ್ರಶ್ನೆ ಕಟ್ಟಿದ್ದು, ಪೇಪರ್ ಹುಡುಕಿದ್ದು, ಓದಿದ್ದು

ಹೆರಿಗೆಯಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ ಎಂಬ, ರಕ್ತಸ್ರಾವ ತಡೆಯುವ ಔಷಧ ಕೊಡಬೇಕೋ ಬೇಡವೋ? ಲೇಬರ್ ರೂಮಿನ ಪ್ರೋಟೊಕಾಲ್ ಬರೆಯಲು ಕೂತಾಗ ಬಗೆಹರಿಯಬೇಕಿದ್ದದ್ದು ಇದು. ಪ್ರಶ್ನೆಯನ್ನು ಹೀಗೆಯೇ ಇಟ್ಟುಕೊಂಡು ಹುಡುಕಿದರೆ ಎರಡು ಬೇರೆ ವಿಷಯಗಳ ಪೇಪರುಗಳು ಒಂದೇ ರಾಶಿಯಾಗಿ ಬೀಳುತ್ತವೆ. ರಕ್ತಸ್ರಾವ ಶುರುವಾದ ಮೇಲೆ ಕೊಡುವುದು ಒಂದು, ಆಗದಿರಲಿ ಎಂದು ಮೊದಲೇ ಕೊಡುವುದು ಇನ್ನೊಂದು. ಆದ್ದರಿಂದ ಕಂಪ್ಯೂಟರ್ ಮುಟ್ಟುವ ಮೊದಲು ಹಾಳೆಯ ಮೇಲೆ ಬಿಡಿಸಿ ಬರೆದೆ. ಯಾರಿಗೆ: ಪಿಪಿಎಚ್, ಎಂದರೆ ಹೆರಿಗೆಯ ನಂತರದ ಅತಿ ರಕ್ತಸ್ರಾವ, ಆಗಿರುವ ಬಾಣಂತಿಗೆ. ಏನು: 1 ಗ್ರಾಂ, ರಕ್ತನಾಳಕ್ಕೆ. ಯಾವುದಕ್ಕೆ ಹೋಲಿಸಿ: ಪ್ಲಸೀಬೊಗೆ (ಔಷಧವಿಲ್ಲದ ಹುಸಿ ಮದ್ದು), ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ ಮೊದಲಾದ ಚಿಕಿತ್ಸೆ ಎರಡೂ ಕಡೆ ಇದ್ದೇ ಇರುತ್ತದೆ. ಫಲ ಏನು: ರಕ್ತಸ್ರಾವದಿಂದ ಆಗುವ ಸಾವು. ಪಿಕೊ ಎಂದು ಹೇಳಿಕೊಡುವ ಈ ನಾಲ್ಕರ ಜೊತೆ 'ಎಷ್ಟು ಹೊತ್ತಿನೊಳಗೆ' ಎಂಬ ಐದನೆಯದನ್ನೂ ಸೇರಿಸಿದೆ. ಈ ಔಷಧದ ಮಟ್ಟಿಗೆ ಉತ್ತರ ಕೂತಿರುವುದೇ ಅಲ್ಲಿ.

ಹುಡುಕಾಟ ವೈದ್ಯಕೀಯ ಪೇಪರುಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ. ಇಲ್ಲಿ ಕಾಲು ಜಾರುವುದು ಸ್ಪೆಲಿಂಗಿನಲ್ಲಿ. ಹೆಮರೇಜ್ ಪದಕ್ಕೆ ಬ್ರಿಟಿಷರು ಒಂದು 'ಎ' ಹೆಚ್ಚಿಗೆ ಹಾಕುತ್ತಾರೆ, ಅಮೆರಿಕನ್ನರು ಹಾಕುವುದಿಲ್ಲ. ಪದಗಳನ್ನು ಸುಮ್ಮನೆ ಟೈಪ್ ಮಾಡಿದರೆ ಪಬ್‌ಮೆಡ್ ತಾನೇ ಎರಡನ್ನೂ ಹೊಂದಿಸಿಕೊಳ್ಳುತ್ತದೆ. ಉದ್ಧರಣ ಚಿಹ್ನೆಯೊಳಗೆ ಹಾಕಿದಿರೋ, ಆ ಹೊಂದಾಣಿಕೆ ನಿಂತುಹೋಗುತ್ತದೆ. ಅಮೆರಿಕನ್ ಸ್ಪೆಲಿಂಗನ್ನು ಚಿಹ್ನೆಯೊಳಗೆ ಕೂಡಿಸಿ ಹುಡುಕಿದವರಿಗೆ ಲ್ಯಾನ್ಸೆಟ್ ಪತ್ರಿಕೆಯ ಮುಖ್ಯ ಪೇಪರೇ ತಪ್ಪಿಹೋಗಬಹುದು. ಹಾಗೆಂದು ಮೆಶ್ ಪದಗಳನ್ನು (ಪೇಪರುಗಳಿಗೆ ಪಬ್‌ಮೆಡ್ ಹಚ್ಚುವ ಸಿದ್ಧ ವಿಷಯಪದಗಳು) ಮಾತ್ರ ನಂಬುವಂತೆಯೂ ಇಲ್ಲ. ಪಬ್‌ಮೆಡ್‌ನಲ್ಲಿರುವ ಎಲ್ಲ ಪೇಪರಿಗೂ ಮೆಶ್ ಹಚ್ಚಿರುವುದಿಲ್ಲ. ಮೆಶ್ ಪದ, ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಬರುವ ಪದ, ಎರಡನ್ನೂ 'ಆರ್' (ಅಥವಾ) ಹಾಕಿ ಸೇರಿಸಿ, ಪಬ್‌ಮೆಡ್‌ನದೇ ಜರಡಿಯಾದ ಕ್ಲಿನಿಕಲ್ ಕ್ವೆರೀಸ್‌ನಲ್ಲಿ ಥೆರಪಿ, ನ್ಯಾರೋ ಆರಿಸಿದರೆ ರಾಶಿ ಓದಬಹುದಾದಷ್ಟಕ್ಕೆ ಇಳಿಯುತ್ತದೆ. ಆಮೇಲೆ, ಟ್ರಯಲುಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಲೈಬ್ರರಿ. ಕೊನೆಗೆ, ಟ್ರಯಲುಗಳನ್ನು ನೋಂದಾಯಿಸುವ ಟ್ರಯಲ್ ರಿಜಿಸ್ಟ್ರಿ. ಭಾರತದ ಟ್ರಯಲುಗಳಿಗಾದರೆ ಸಿಟಿಆರ್‌ಐ. ರಿಜಿಸ್ಟ್ರಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೊದಲು ಏನನ್ನು ಅಳೆಯುತ್ತೇವೆಂದು ಬರೆದಿದ್ದರು, ಕೊನೆಗೆ ಯಾವುದನ್ನು ಮುಂದೆ ಹಿಡಿದರು ಎಂಬುದು ಗೊತ್ತಾಗುವುದು ಅಲ್ಲಿಯೇ.

ಕೈಗೆ ಸಿಕ್ಕ ದೊಡ್ಡ ಟ್ರಯಲ್ 2017ರ 'ವುಮನ್'. 21 ದೇಶ, 193 ಆಸ್ಪತ್ರೆ, 20,060 ಬಾಣಂತಿಯರು. ಸಾರಾಂಶ ಓದಿದವರ ನೆನಪಿನಲ್ಲಿ ಉಳಿಯುವುದು 'ಸಾವು ಕಡಿಮೆಯಾಯಿತು' ಎಂಬ ಮಾತು. ಕೋಷ್ಟಕ ತೆರೆದಾಗ ಕಾಣುವ ಚಿತ್ರ ಅಷ್ಟು ಸರಳವಲ್ಲ.

ಪ್ರೈಮರಿ ಔಟ್‌ಕಮ್ (ಮುಖ್ಯವಾಗಿ ಅಳೆದ ಫಲ) ಸಾವು ಅಥವಾ ಗರ್ಭಕೋಶ ತೆಗೆಯುವುದು, ಎರಡೂ ಸೇರಿ. ಅದು ಔಷಧ ಪಡೆದವರಲ್ಲಿ ಶೇ. 5.3, ಪ್ಲಸೀಬೊದವರಲ್ಲಿ ಶೇ. 5.5. ಎಂದರೆ ವ್ಯತ್ಯಾಸವೇ ಇಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಗರ್ಭಕೋಶ ತೆಗೆಯುವ ತೀರ್ಮಾನ ಎಷ್ಟೋ ಸಲ ರ‍್ಯಾಂಡಮೈಸ್ ಮಾಡುವ, ಎಂದರೆ ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚುವ, ಹೊತ್ತಿಗೇ ಆಗಿರುತ್ತದೆ, ಆ ಮೇಲೆ ಕೊಟ್ಟ ಔಷಧ ಅದನ್ನು ಬದಲಿಸಲಾರದು. ಸೇರಿಸಬಾರದ ಎರಡನ್ನು ಸೇರಿಸಿ ಅಳೆದರೆ ಒಂದರ ಲಾಭವನ್ನು ಇನ್ನೊಂದು ಮುಚ್ಚಿಹಾಕುತ್ತದೆ. ರಕ್ತಸ್ರಾವದಿಂದ ಆದ ಸಾವನ್ನು ಮಾತ್ರ ನೋಡಿದರೆ ಔಷಧದ ಗುಂಪಿನ 10,036ರಲ್ಲಿ 155, ಪ್ಲಸೀಬೊ ಗುಂಪಿನ 9,985ರಲ್ಲಿ 191. ರಿಲೇಟಿವ್ ರಿಸ್ಕ್ (ಎರಡು ಗುಂಪಿನ ಅಪಾಯದ ಅನುಪಾತ) 0.81, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ) 0.65ರಿಂದ 1.00. ಮೇಲಿನ ತುದಿ 1 ಎಂಬ, ಅಂದರೆ ವ್ಯತ್ಯಾಸವಿಲ್ಲ ಎಂಬ, ಗಡಿಯನ್ನು ಮುಟ್ಟಿಕೊಂಡೇ ನಿಂತಿದೆ. ಎಣಿಕೆಯಿಂದ ಹೊರಗುಳಿದವರು ಬರೀ 39, ಇಷ್ಟು ದೊಡ್ಡ ಟ್ರಯಲಿಗೆ ಅದು ಮೆಚ್ಚಬೇಕಾದ ಕೆಲಸ. ಆದರೂ ಎರಡು ಗುಂಪಿನ ಸಾವುಗಳ ಅಂತರ 36 ಎಂಬುದನ್ನು ಪಕ್ಕದಲ್ಲಿಟ್ಟು ಓದಬೇಕು. ಎಲ್ಲ ಕಾರಣಗಳ ಸಾವನ್ನು ಕೂಡಿಸಿದರೆ ಇಂಟರ್ವಲ್ 1ನ್ನು ದಾಟಿ 1.05ಕ್ಕೆ ಹೋಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ 'ಇರಬಹುದು' ಎಂದು ಬರೆಯುತ್ತಿದ್ದೆ. ಐದನೆಯ ಪ್ರಶ್ನೆ ಕೆಲಸಕ್ಕೆ ಬಂದದ್ದು ಇಲ್ಲಿ. ಹೆರಿಗೆಯಾಗಿ 3 ಗಂಟೆಯೊಳಗೆ ಔಷಧ ಪಡೆದವರಲ್ಲಿ ರಕ್ತಸ್ರಾವದ ಸಾವು ಶೇ. 1.2, ಪ್ಲಸೀಬೊದಲ್ಲಿ ಶೇ. 1.7, ರಿಲೇಟಿವ್ ರಿಸ್ಕ್ 0.69. ಉಪಗುಂಪಿನ ಲೆಕ್ಕವನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಬೇಕಾದಷ್ಟು ಗುಂಪು ಮಾಡುತ್ತ ಹೋದರೆ ಎಲ್ಲೋ ಒಂದು ಕಡೆ ಲಾಭ ಕಂಡೇ ಕಾಣುತ್ತದೆ. ವುಮನ್ ಟ್ರಯಲ್ ಒಂದನ್ನೇ ನೋಡಿದರೆ ಬೇಗ ಕೊಟ್ಟಿದ್ದಕ್ಕೂ ತಡವಾಗಿ ಕೊಟ್ಟಿದ್ದಕ್ಕೂ ಇರುವ ವ್ಯತ್ಯಾಸವೂ ಗಟ್ಟಿಯಲ್ಲ. ಆದರೆ ಇದನ್ನು ನಂಬಲು ಹೊರಗಿನ ಸಾಕ್ಷಿ ಇದೆ. ಗಾಯಾಳುಗಳ ಮೇಲೆ ನಡೆದ ಕ್ರ್ಯಾಶ್-2 ಟ್ರಯಲಿನಲ್ಲೂ ಬೇಗ ಕೊಟ್ಟಾಗ ಲಾಭ, 3 ಗಂಟೆ ದಾಟಿದ ಮೇಲೆ ಕೊಟ್ಟಾಗ ರಕ್ತಸ್ರಾವದ ಸಾವು ಹೆಚ್ಚು. ಎರಡನ್ನೂ ಕೂಡಿಸಿ 40,138 ಜನರ ಲೆಕ್ಕ ಹಾಕಿದ 2018ರ ವಿಶ್ಲೇಷಣೆಯಲ್ಲಿ, 3 ಗಂಟೆಯವರೆಗೆ ಪ್ರತಿ 15 ನಿಮಿಷ ತಡಕ್ಕೆ ಬದುಕುಳಿಯುವ ಲಾಭ ಸುಮಾರು ಶೇ. 10ರಷ್ಟು ಇಳಿಯಿತು.

ಈಗ ಇನ್ನೊಂದು ರಾಶಿ, ಮೊದಲೇ ಕೊಡುವುದು. ರಕ್ತಹೀನತೆ ಇರುವವರಿಗೆ ಹೆರಿಗೆಯಾದ ಕೂಡಲೇ ಕೊಟ್ಟು ನೋಡಿದ ವುಮನ್-2 (2023) ಪಾಕಿಸ್ತಾನ, ನೈಜೀರಿಯಾ, ತಾಂಜಾನಿಯಾ, ಜಾಂಬಿಯಾಗಳಲ್ಲಿ ನಡೆಯಿತು. ಪಿಪಿಎಚ್ ಔಷಧದವರಲ್ಲಿ ಶೇ. 7.0, ಪ್ಲಸೀಬೊದಲ್ಲಿ ಶೇ. 6.6. ನಮ್ಮ ಕಡೆ ರಕ್ತಹೀನತೆ ಇರುವ ಗರ್ಭಿಣಿಯರು ಎಷ್ಟು ಎಂಬುದು ಎಲ್ಲರಿಗೂ ಗೊತ್ತು. 'ಇವರಿಗಾದರೂ ಮೊದಲೇ ಕೊಡೋಣ' ಎನ್ನುವವರಿಗೆ ತೋರಿಸಬೇಕಾದ ಪೇಪರ್ ಇದು. ನೂರಿನ್ನೂರು ಜನರ ಸಣ್ಣ ಟ್ರಯಲುಗಳಲ್ಲಿ ಲಾಭ ಕಣ್ಣು ಕುಕ್ಕುವಷ್ಟಿತ್ತು. ಅಂಥವನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಮೆಟಾ-ಅನಾಲಿಸಿಸ್ ಸಿಕ್ಕರೆ, ಅದರ ಚಿತ್ರವಾದ ಫಾರೆಸ್ಟ್ ಪ್ಲಾಟಿನ ಕೆಳಗಿನ ವಜ್ರವನ್ನು (ಒಟ್ಟು ಫಲಿತಾಂಶ) ನೋಡುವ ಮೊದಲು ಒಂದೊಂದು ಟ್ರಯಲಿನ ಮೇಲಿನ ಸಾಲುಗಳನ್ನು ನೋಡಿ: ಜನ ಎಷ್ಟು, ಮುಂಚಿತವಾಗಿ ನೋಂದಣಿ ಆಗಿತ್ತೆ, ಆಮೇಲೆ ರಿಟ್ರಾಕ್ಟ್ ಆಗಿದೆಯೆ (ಪತ್ರಿಕೆ ಹಿಂಪಡೆದಿದೆಯೆ). 2024ರಲ್ಲಿ ಬಂದ ವಿಶ್ಲೇಷಣೆ ಇಂಥ ಸೋಸುವಿಕೆ ಮಾಡಿ ಉಳಿಸಿಕೊಂಡದ್ದು 5 ಟ್ರಯಲು, 54,404 ಮಹಿಳೆಯರು.

ಇನ್ನು ನಮ್ಮ ವಾರ್ಡಿಗೆ. ಶೇ. 1.7ರಿಂದ 1.2 ಎಂದರೆ ಸುಮಾರು 200 ಜನರಿಗೆ ಕೊಟ್ಟರೆ ಒಂದು ಜೀವ. ನಿಮ್ಮಲ್ಲಿ ಪಿಪಿಎಚ್ ಆದವರ ಸಾವು ಅದರ ಹತ್ತನೇ ಒಂದು ಭಾಗವಾದರೆ ಆ 200 ಎಂಬುದು 2,000 ಆಗುತ್ತದೆ. ಪೇಪರಿನ ಸಂಖ್ಯೆಯನ್ನು ಹಾಗೆಯೇ ಎತ್ತಿ ಪ್ರೋಟೊಕಾಲಿಗೆ ಅಂಟಿಸಬಾರದು. ಆದರೂ ಕೊಡಬೇಕೆಂದೇ ಬರೆದೆ. ಔಷಧ ಅಗ್ಗ, ರಕ್ತ ಹೆಪ್ಪುಗಟ್ಟಿದ ಪ್ರಕರಣಗಳು ಎರಡು ಗುಂಪಿನಲ್ಲಿ 30 ಮತ್ತು 34.

ಬರೆದದ್ದು ಹೀಗೆ: ಪಿಪಿಎಚ್ ಎಂದು ಗೊತ್ತಾದ ಕೂಡಲೇ 1 ಗ್ರಾಂ. 500 ಮಿ.ಗ್ರಾಂ.ನ, 5 ಮಿ.ಲೀ. ಆಂಪೂಲ್ ಆದರೆ ಎರಡು, ಒಟ್ಟು 10 ಮಿ.ಲೀ., 10 ನಿಮಿಷ ಹಿಡಿಯುವಂತೆ ನಿಧಾನ. ಗಡಿಬಿಡಿಯಲ್ಲಿ ಒಂದೇ ಏಟಿಗೆ ತಳ್ಳಿದರೆ ಬಿಪಿ ಇಳಿಯಬಹುದು, ಅದನ್ನು ರಕ್ತಸ್ರಾವದ ಲೆಕ್ಕಕ್ಕೆ ಬರೆದುಬಿಡುವ ಅಪಾಯವೂ ಇದೆ. 30 ನಿಮಿಷದ ಮೇಲೂ ನಿಲ್ಲದಿದ್ದರೆ, ಅಥವಾ ನಿಂತು 24 ಗಂಟೆಯೊಳಗೆ ಮತ್ತೆ ಶುರುವಾದರೆ, ಇನ್ನೊಂದು ಗ್ರಾಂ. 3 ಗಂಟೆಯ ಲೆಕ್ಕ ಹಿಡಿಯುವುದು ಮಗು ಹುಟ್ಟಿದ ಹೊತ್ತಿನಿಂದ. ರೆಫರ್ ಆಗಿ ಬಂದವರ ಚೀಟಿಯಲ್ಲಿ ಹೆರಿಗೆಯ ಸಮಯ ಇಲ್ಲದಿದ್ದರೆ ಮೊದಲು ಫೋನ್ ಮಾಡಿ ಕೇಳುವುದು ಅದನ್ನೇ. ಮತ್ತೆ, ಆಂಪೂಲುಗಳನ್ನು, ಬೆನ್ನಿಗೆ ಚುಚ್ಚುವ ಅರಿವಳಿಕೆಯಾದ ಬ್ಯುಪಿವಕೇನ್ ಇಡುವ ಟ್ರೇಯಲ್ಲಿ ಇಡಕೂಡದು. ನೋಡಲು ಒಂದೇ ಥರ ಇರುತ್ತವೆ, ಟ್ರಾನೆಕ್ಸಾಮಿಕ್ ಆಸಿಡ್ ಬೆನ್ನಿಗೆ ಹೋದರೆ ಪ್ರಾಣಕ್ಕೇ ಎರವು.