ಧೀಂಗಿಣದ ವೇಗ ಮೊಬೈಲಿಗೆ ಸಿಕ್ಕಿದ ಬಗೆ

ಯಕ್ಷಗಾನದ ಫೋಟೊಗಳ ಬಗ್ಗೆ ನನಗೆ ಬಹಳ ಕಾಲದಿಂದ ಒಂದು ತಕರಾರಿತ್ತು. ಹಾರುತ್ತಾ ಸುತ್ತುವ ಧೀಂಗಿಣ ಹಾಕುವ ಪುಂಡುವೇಷ (ತರುಣ ವೀರನ ಪಾತ್ರ) ಅವುಗಳಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟ ಗೊಂಬೆಯಂತೆ ಕಾಣುತ್ತದೆ. ಭುಜಕೀರ್ತಿ, ಗೆಜ್ಜೆ ಎಲ್ಲವೂ ಸ್ಪಷ್ಟ. ವೇಗ ಮಾತ್ರ ಇಲ್ಲ. ಆ ವೇಗ ಬೇಕೆಂದೇ, ಕ್ಯಾಮೆರಾವನ್ನು ನಾವೇ ಹೊಂದಿಸಿಕೊಳ್ಳುವ ಮೊಬೈಲಿನ ಪ್ರೊ ಮೋಡ್ ಕಲಿತೆ.

ಆಟೊ ಮೋಡ್‌ನಲ್ಲಿ ಇದು ಆಗದ ಕೆಲಸ. ಚಿತ್ರ ಅಲುಗಬಾರದೆಂದು ಫೋನ್ ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸುತ್ತದೆ, ಶಟರ್ ಬೇಗ ಮುಚ್ಚುತ್ತದೆ, ಹಲವು ಫ್ರೇಮ್‌ಗಳನ್ನು ಒಂದರ ಮೇಲೊಂದು ಹೊಂದಿಸಿ ಮಸುಕನ್ನು ಅಳಿಸುತ್ತದೆ. ನಮಗೆ ಬೇಕಾದದ್ದೇ ಅದರ ಲೆಕ್ಕದಲ್ಲಿ ದೋಷ. ಆದ್ದರಿಂದ ಐಎಸ್ಒವನ್ನು 50ಕ್ಕೆ ಇಳಿಸಿ, ಫೋಕಸನ್ನು ರಂಗಸ್ಥಳದ ನಡುವಿಗೆ ಇಟ್ಟು ಕದಲದಂತೆ ಮಾಡುತ್ತೇನೆ. ಉಳಿದದ್ದೆಲ್ಲ ಶಟರ್ ವೇಗದ, ಅಂದರೆ ಅದು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದರ ಆಟ. 1/60 ಸೆಕೆಂಡಿನಲ್ಲಿ ಕೈಕಾಲುಗಳ ತುದಿ ಮಾತ್ರ ಮಸುಕಾಗುತ್ತದೆ. 1/4 ಸೆಕೆಂಡಿಗೆ ಹೋದರೆ ಬಣ್ಣದ ಸುಳಿಯೊಂದೇ ಉಳಿದು, ವೇಷ ಯಾವುದೆಂದೇ ತಿಳಿಯುವುದಿಲ್ಲ. ನನಗೆ ಒಪ್ಪುವುದು 1/15ರ ಆಸುಪಾಸು: ಇಳಿಬಿದ್ದ ಬಟ್ಟೆ ಅರೆವೃತ್ತವಾಗಿ ಹರಡಿರುತ್ತದೆ, ಮುಖದ ಬಣ್ಣಗಾರಿಕೆಯ ಗುರುತೂ ಸಿಗುತ್ತದೆ.

ಆದರೆ ಈಗಿನ ರಂಗಸ್ಥಳಗಳಲ್ಲಿ ಬೆಳಕು ಧಾರಾಳ. ಬಹುಪಾಲು ಫೋನ್‌ಗಳಲ್ಲಿ ಬೆಳಕು ಒಳಬರುವ ಕಿಂಡಿಯನ್ನು, ಅಂದರೆ ಲೆನ್ಸಿನ ದ್ಯುತಿರಂಧ್ರವನ್ನು ಕಿರಿದಾಗಿಸಲು ಬರುವುದಿಲ್ಲ. ಶಟರ್ ಹೆಚ್ಚು ಹೊತ್ತು ತೆರೆದಷ್ಟೂ ಮುಖ ಸುಟ್ಟಂತೆ ಬೆಳ್ಳಗಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್. ಸಾಮಾನ್ಯವಾಗಿ ಅದರೊಳಗೆ ಬರುವ ಬೆಳಕು ಮುಖ್ಯ ಲೆನ್ಸಿಗಿಂತ ಕಡಿಮೆ, ಅಷ್ಟರಮಟ್ಟಿಗೆ ಶಟರನ್ನು ನಿಧಾನಿಸಬಹುದು. ಅದೂ ಸಾಲದಾದರೆ ಬೆಳಕನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸುವ ಎನ್‌ಡಿ 8 ಫಿಲ್ಟರನ್ನು ಕ್ಲಿಪ್ಪಿನಿಂದ ಸಿಕ್ಕಿಸುತ್ತೇನೆ.

ಮಸುಕು ಚೆಲುವಾಗಿ ಕಾಣಬೇಕಾದರೆ ಪಕ್ಕದಲ್ಲಿ ಏನಾದರೂ ಸ್ಪಷ್ಟವಾಗಿರಬೇಕು. ಎಲ್ಲವೂ ಅಲುಗಿದರೆ ನೋಡುವವರಿಗೆ ಕಾಣುವುದು ಛಾಯಾಗ್ರಾಹಕನ ಕೈನಡುಕವೇ ಹೊರತು ಕುಣಿತವಲ್ಲ. ಹಾಗಾಗಿ ಫೋನನ್ನು ಪುಟ್ಟ ಟ್ರೈಪಾಡಿನ ಮೇಲಿಟ್ಟು, ಭಾಗವತರನ್ನೂ ರಂಗಸ್ಥಳದ ಕಂಬವನ್ನೂ ಚೌಕಟ್ಟಿನೊಳಗೆ ಸೇರಿಸಿಕೊಳ್ಳುತ್ತೇನೆ. ಪರದೆಯನ್ನು ಒತ್ತಿದರೆ ಫೋನ್ ಅಲುಗುವುದರಿಂದ ಬ್ಲೂಟೂತ್ ರಿಮೋಟ್ ಬೇಕು. ಸಮಯವನ್ನು ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ಚೆಂಡೆಯ ಪೆಟ್ಟು ಬಿರುಸಾಗುತ್ತಿದ್ದಂತೆ ಒತ್ತಲು ಶುರು ಮಾಡಿ, ಮುಕ್ತಾಯದವರೆಗೂ ಒತ್ತುತ್ತಲೇ ಇರುತ್ತೇನೆ.

ಒಂದೇ ಕಡೆ ನಿಂತು ತಿರುಗುವ ಗಿರಕಿ ಹೀಗೆ ಸುಲಭವಾಗಿ ಸಿಗುತ್ತದೆ. ಧೀಂಗಿಣದಲ್ಲಿ ಕಲಾವಿದರು ಹಾರುತ್ತಲೇ ರಂಗಸ್ಥಳವನ್ನು ಸುತ್ತುತ್ತಾರೆ. ಅಲ್ಲಿ ಟ್ರೈಪಾಡ್ ಬಿಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿಹಿಡಿದು, ಸೊಂಟದಿಂದ ತಿರುಗುತ್ತಾ ಅವರ ವೇಗಕ್ಕೆ ಸರಿಯಾಗಿ ಫೋನನ್ನು ಸಾಗಿಸಬೇಕು. ಆಗ ಹಿನ್ನೆಲೆಯ ದೀಪಗಳು ಗೆರೆಗಳಾಗುತ್ತವೆ, ವೇಷ ಮಾತ್ರ ನಿಲ್ಲುತ್ತದೆ. ಬಹಳಷ್ಟು ಚಿತ್ರಗಳು ಕೆಡುತ್ತವೆ. ಕೆಡಲಿ, ಒಂದು ಬಂದರೆ ಸಾಕು. ಫ್ಲ್ಯಾಶ್ ಅಂತೂ ಕೂಡದು. ಅದು ಮಸುಕನ್ನೂ ಕೊಲ್ಲುತ್ತದೆ, ಹಾರುತ್ತಿರುವವರ ಕಣ್ಣಿಗೂ ಅಪಾಯ.

ಐಫೋನಿನಲ್ಲಿ ಲೈವ್ ಫೋಟೊ ತೆಗೆದು ಲಾಂಗ್ ಎಕ್ಸ್‌ಪೋಷರ್ ಆರಿಸಿದರೆ ಸುಮಾರು 3 ಸೆಕೆಂಡಿನ ಚಲನೆ ಒಂದೇ ಚಿತ್ರವಾಗುತ್ತದೆ. ಮಳೆಗಾಲದ ತೊರೆಗೆ, ಜಲಪಾತಕ್ಕೆ ಅದು ಸೊಗಸು. ಕುಣಿತಕ್ಕೆ ಅಷ್ಟು ಹೊತ್ತು ತೀರಾ ಹೆಚ್ಚು, ವೇಷವೇ ಕರಗಿಹೋಗುತ್ತದೆ.