ಒಳಗಿನ ತಳಮಳಕ್ಕೆ ಕಿವಿಗೊಡುವ ಕಿರುಚಿತ್ರ

ಮನಸ್ಸಿನ ತಳಮಳವನ್ನು ಕುರಿತು ಕಿರುಚಿತ್ರ ಮಾಡಬೇಕೆಂದು ಹೊರಡುವ ನಮ್ಮ ಕೊಪ್ಪಳ, ರಾಯಚೂರು ಕಡೆಯ ಯುವಕರ ಚಿತ್ರಕಥೆಗಳಲ್ಲಿ ಒಡೆದ ಕನ್ನಡಿ, ಪಂಜರದ ಗಿಳಿ, ಕತ್ತಲೆ ಕೋಣೆಯಲ್ಲಿ ತಲೆ ಹಿಡಿದು ಕುಳಿತ ನಾಯಕ ಮತ್ತು ಇವೆಲ್ಲದರ ಮೇಲೆ ಅಳುವ ಪಿಟೀಲು ಮತ್ತೆ ಮತ್ತೆ ಕಾಣಿಸುತ್ತವೆ. ಅವರ ಸಂಕಟದ ಪ್ರಾಮಾಣಿಕತೆಯಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಕನ್ನಡಿಯಾಗಲಿ ಗಿಳಿಯಾಗಲಿ ಆ ಮನುಷ್ಯನ ಮನೆಯಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಸಂಕೇತ ಬೇಕೆಂಬ ಕಾರಣಕ್ಕೆ ಅವನ್ನು ಹೊರಗಿನಿಂದ ತಂದಿಡಲಾಗಿದೆ. ಆದ್ದರಿಂದ ಸಂಕೇತವನ್ನು ಹುಡುಕುವ ಮೊದಲು ಪಾತ್ರದ ದಿನಚರಿಯನ್ನು ಬರೆಯಿರಿ. ಅವನು ದಿನವೂ ಮುಟ್ಟುವ ವಸ್ತು ಯಾವುದು, ಈಗ ಮುಟ್ಟಲಾರದೆ ಹೋದದ್ದು ಯಾವುದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಂಕೇತವೂ ಸಿಕ್ಕಿತೆಂದೇ ತಿಳಿಯಬಹುದು.

ಹತ್ತು ನಿಮಿಷದ ಒಂದು ಕಥೆಯನ್ನು ಮುಂದಿಟ್ಟುಕೊಂಡು ಇದನ್ನು ನೋಡೋಣ. ಕುಷ್ಟಗಿ ತಾಲ್ಲೂಕಿನ ಒಂದು ತೋಟದ ಮನೆ. ದಾಳಿಂಬೆ ಗಿಡಗಳು, ಒಂದು ಬೋರ್‌ವೆಲ್. ಹೊಲಕ್ಕೆ ತ್ರೀ ಫೇಸ್ ಕರೆಂಟ್ ಬರುವುದು ನಡುರಾತ್ರಿ. ಒಂದು ರಾತ್ರಿ ಮೋಟಾರು ಚಾಲೂ ಮಾಡಬೇಕಾಗಿದ್ದ ಅಣ್ಣ ನಿದ್ದೆಯ ಮಂಪರಿನಲ್ಲಿ ತಮ್ಮನನ್ನು ಕಳಿಸಿದ. ತಮ್ಮ ಸ್ಟಾರ್ಟರ್ ಡಬ್ಬಿಯ ಬಳಿ ಶಾಕ್ ಹೊಡೆದು ತೀರಿಕೊಂಡ. ಚಿತ್ರ ಆರಂಭವಾಗುವುದು ಅದಾದ ಮೂರು ತಿಂಗಳ ಮೇಲೆ, ಗಿಡಗಳು ಒಣಗುತ್ತಿರುವಾಗ. ಅಣ್ಣ ತನ್ನ ಅಪರಾಧಭಾವವನ್ನು ಯಾರ ಮುಂದೆಯೂ ಹೇಳುವುದಿಲ್ಲ, ಮತ್ತು ಚಿತ್ರದುದ್ದಕ್ಕೂ ಹೇಳಬಾರದು.

ಇಲ್ಲಿ ಸಂಕೇತ ತಾನಾಗಿಯೇ ಇದೆ. ಸ್ಟಾರ್ಟರ್ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ ದೀಪಗಳು ತ್ರೀ ಫೇಸ್ ಬಂದೊಡನೆ ಕತ್ತಲ ಹೊಲದಲ್ಲಿ ಹೊತ್ತಿಕೊಳ್ಳುತ್ತವೆ. ಅಂಗಳದಲ್ಲಿ ಮಲಗಿದ ಅಣ್ಣನಿಗೆ ಅವು ಕಾಣುತ್ತವೆ. ಒಳಗಿನಿಂದ ತಾಯಿ, "ಕರೆಂಟ್ ಬಂತೇನಪ್ಪಾ?" ಎಂದು ಕೇಳುತ್ತಾಳೆ. "ಇನ್ನಾ ಬಂದಿಲ್ಲ ಬಿಡಬೇ ಯವ್ವಾ" ಎನ್ನುತ್ತಾನೆ. ಮೂರು ದೀಪಗಳು ಉರಿಯುತ್ತಿರುವ ದೃಶ್ಯದ ಮೇಲೆ ಈ ಸುಳ್ಳು ಕೇಳಿದರೆ ಸಾಕು, ಒಂದು ಪುಟದ ಸಂಭಾಷಣೆ ಉಳಿಯುತ್ತದೆ. ದೀಪಗಳನ್ನು ಮೂರು ಬಾರಿಗಿಂತ ಹೆಚ್ಚು ತೋರಿಸಬೇಡಿ, ಮತ್ತು ಪ್ರತಿ ಬಾರಿಯೂ ಅವನಿಗೂ ದೀಪಕ್ಕೂ ನಡುವಿನ ದೂರ ಬದಲಾಗಲಿ: ಅಂಗಳದಿಂದ, ಬದುವಿನಿಂದ, ಕೈಗೆಟಕುವಷ್ಟು ಹತ್ತಿರದಿಂದ. ಬದಲಾಗದೆ ಮರಳಿ ಮರಳಿ ಬರುವ ಸಂಕೇತ ಬೇಗ ಸವೆಯುತ್ತದೆ.

ನಮ್ಮದೆಂಬ ಅಭಿಮಾನದಿಂದ ಕಿನ್ನಾಳದ ಬಣ್ಣದ ಗೊಂಬೆಯನ್ನೋ ಅಂಜನಾದ್ರಿಯ ಬೆಟ್ಟವನ್ನೋ ಸೇರಿಸುವ ಆಸೆ ಬರಬಹುದು. ಗೊಂಬೆಯೊಡನೆ ತಮ್ಮ ಆಡಿದ್ದರೆ ಇರಲಿ. ಇಲ್ಲವಾದರೆ ಬೇಡ.

ಈಗ ಶಬ್ದ. ಸಬ್‌ಮರ್ಸಿಬಲ್ ಮೋಟಾರು ನೆಲದೊಳಗೆ ನೂರಾರು ಅಡಿ ಆಳದಲ್ಲಿ ತಿರುಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲೆ ಕೇಳುವುದು ಸ್ಟಾರ್ಟರ್ ಡಬ್ಬಿಯ ಗುಂಯ್‌ಗುಡುವಿಕೆ ಮತ್ತು ಪೈಪಿನ ನಡುಕ ಮಾತ್ರ. ಈ ಅಣ್ಣನ ಮನಸ್ಸಿಗೆ ಇದಕ್ಕಿಂತ ಸರಿಯಾದ ಧ್ವನಿ ನನಗೆ ತೋಚುವುದಿಲ್ಲ. ನಮ್ಮ ದೇಶದ ಕರೆಂಟಿನ ಆವರ್ತನ 50 ಹರ್ಟ್ಜ್. ಟಿಸಿ, ಅಂದರೆ ಹೊಲದಂಚಿನ ಟ್ರಾನ್ಸ್‌ಫಾರ್ಮರ್, ಗುಂಯ್‌ಗುಡುವುದು ಮುಖ್ಯವಾಗಿ ಅದರ ಇಮ್ಮಡಿಯಾದ 100 ಹರ್ಟ್ಜ್‌ನಲ್ಲಿ. ಟ್ಯೂಬ್‌ಲೈಟಿನ ಚೋಕ್, ಹಳೆಯ ಫ್ರಿಜ್ ಎಲ್ಲವೂ ಇದೇ ಶ್ರುತಿಯ ಬಂಧುಗಳು. ಆದ್ದರಿಂದ ಊಟದ ದೃಶ್ಯದಲ್ಲಿ ಚೋಕ್‌ನ ಸಣ್ಣ ಗುಂಯ್ ಮೆಲ್ಲಗೆ ಏರಿ, ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಏಳುವ ಹಾಗೆ ಮಾಡಿದರೆ, ಹೊಲದಲ್ಲಿರುವುದು ಮನೆಯೊಳಗೂ ಇದೆ ಎಂಬುದನ್ನು ಪ್ರೇಕ್ಷಕ ಹೇಳಿಸಿಕೊಳ್ಳದೆಯೇ ಗ್ರಹಿಸುತ್ತಾನೆ.

ಒಂದು ತಾಂತ್ರಿಕ ಎಚ್ಚರಿಕೆ ಇಲ್ಲಿ ಅತ್ಯಗತ್ಯ. ಇದೇ ಗುಂಯ್ ಧ್ವನಿಮುದ್ರಣದಲ್ಲಿ ದೋಷವಾಗಿಯೂ ಸೇರಿಕೊಳ್ಳುತ್ತದೆ. ಸಂಭಾಷಣೆ ಮುದ್ರಿಸುವಾಗ ಫ್ರಿಜ್, ಫ್ಯಾನ್, ಟ್ಯೂಬ್‌ಲೈಟ್ ಎಲ್ಲವನ್ನೂ ಆರಿಸಿ, ಮಾತನ್ನು ಶುದ್ಧವಾಗಿ ಪಡೆದುಕೊಳ್ಳಿ. ಗುಂಯ್ ಅನ್ನು ಬೇರೆಯಾಗಿ ಮುದ್ರಿಸಿ ಸಂಕಲನದಲ್ಲಿ ಬೇಕಾದಷ್ಟೇ ಬೆರೆಸಿ. ಇದನ್ನು ಅರಿಯದೆ ನಮ್ಮ ತಂಡ ಒಮ್ಮೆ ಇಡೀ ಒಂದು ದೃಶ್ಯವನ್ನು ಕಳೆದುಕೊಂಡಿತು: ತಾಯಿಯ ಮಾತಿನಿಂದ ಗುಂಯ್ ತೆಗೆಯಹೋಗಿ ಅವಳ ದನಿಯ ಆರ್ದ್ರತೆಯೂ ಹೋಯಿತು. ಮುದ್ರಣವನ್ನು 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಇಟ್ಟುಕೊಳ್ಳಿ. ಮೊಬೈಲಿನಲ್ಲೇ ಮುದ್ರಿಸುವುದಾದರೆ ಶಬ್ದಮಟ್ಟವನ್ನು ತಾನೇ ಏರಿಳಿಸುವ ವ್ಯವಸ್ಥೆಯನ್ನು ನಿಲ್ಲಿಸುವ ಅವಕಾಶವಿರುವ ಆ್ಯಪ್ ಬಳಸಿ, ಇಲ್ಲದಿದ್ದರೆ ಪಾತ್ರ ಸುಮ್ಮನಾದೊಡನೆ ಹಿನ್ನೆಲೆಯ ಗದ್ದಲ ಮೇಲೆದ್ದು ಬಂದು ನಿಮ್ಮ ಮೌನವನ್ನು ಕೆಡಿಸುತ್ತದೆ. ಪ್ರತಿ ಜಾಗದಲ್ಲೂ ಎಲ್ಲರೂ ಅಲುಗಾಡದೆ ನಿಂತು ಒಂದು ನಿಮಿಷ ಆ ಜಾಗದ ಬರಿಯ ಸದ್ದನ್ನು ಮುದ್ರಿಸಿಕೊಳ್ಳಿ. ಮತ್ತೊಂದು ವಿಷಯ: ನಿಮ್ಮ ಚಿತ್ರವನ್ನು ಹೆಚ್ಚಿನವರು ಮೊಬೈಲಿನಲ್ಲೇ ನೋಡುತ್ತಾರೆ, ಅದರ ಪುಟ್ಟ ಸ್ಪೀಕರು 50, 100 ಹರ್ಟ್ಜ್‌ನಷ್ಟು ತಗ್ಗಿನ ಸದ್ದನ್ನು ಸರಿಯಾಗಿ ಕೇಳಿಸಲಾರದು. ಆದಕಾರಣ ಗುಂಯ್‌ನ ಮೇಲಿನ ಸ್ತರಗಳನ್ನು, ಅಂದರೆ 200, 300, 400 ಹರ್ಟ್ಜ್‌ನ ಆಸುಪಾಸಿನ ಭಾಗವನ್ನು ಉಳಿಸಿಕೊಂಡು, ಹೆಡ್‌ಫೋನಿನಲ್ಲಿಯೂ ಮೊಬೈಲಿನಲ್ಲಿಯೂ ಎರಡೆರಡು ಸಲ ಕೇಳಿ ತೀರ್ಮಾನಿಸಿ.

ಮೌನವನ್ನೂ ಮುದ್ರಿಸಬೇಕಾಗುತ್ತದೆ. ಇಡೀ ಊರಿನ ಕರೆಂಟು ಹೋದ ಕ್ಷಣವನ್ನು ನೆನೆಯಿರಿ: ಫ್ಯಾನು ನಿಧಾನವಾಗಿ ನಿಲ್ಲುತ್ತದೆ, ಅದುವರೆಗೆ ಇತ್ತೆಂದೇ ಗೊತ್ತಿರದ ಗುಂಯ್ ಅಡಗುತ್ತದೆ, ಅದರ ಜಾಗದಲ್ಲಿ ಜೀರುಂಡೆ, ದೂರದ ನಾಯಿ, ಹಗ್ಗ ಜಗ್ಗುವ ಎಮ್ಮೆ ಕೇಳತೊಡಗುತ್ತವೆ. ಎಲ್ಲರೂ ಶಪಿಸುವ ಆ ಕತ್ತಲೆ ಈ ಅಣ್ಣನೊಬ್ಬನಿಗೆ ಬಿಡುಗಡೆ. ಚಿತ್ರದಲ್ಲಿ ಅವನು ನಿದ್ದೆ ಹೋಗುವುದು ಅಲ್ಲಿ ಮಾತ್ರ. ಈ ದೃಶ್ಯಕ್ಕೆ ಸಮಯದಲ್ಲಿ ಜಿಪುಣತನ ಮಾಡಬೇಡಿ. ಇಪ್ಪತ್ತು ಸೆಕೆಂಡು ಹೆಚ್ಚಲ್ಲ.

ಮಾತನ್ನು ಮುಖದಿಂದ ಬೇರ್ಪಡಿಸುವ ಪಾಠ ನಮ್ಮ ನೆಲದಲ್ಲಿಯೇ ಇದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದುಕೊಟ್ಟ ತೊಗಲುಗೊಂಬೆಯಾಟದಲ್ಲಿ ಆಕೃತಿ ಪರದೆಯ ಮೇಲಿದ್ದರೆ ದನಿ ಪರದೆಯ ಹಿಂದಿನದು, ಆದರೂ ನೋಡುವವರು ಎರಡನ್ನೂ ಒಂದಾಗಿಸಿಕೊಳ್ಳುತ್ತಾರೆ. ತಮ್ಮನ ದನಿ ಬೇಕೆನಿಸಿದರೆ ಅವನ ಮುಖ ತೋರಿಸದೆ, ಖಾಲಿ ಹೊರಸಿನ ಮೇಲೆ ಅವನ ಒಂದೇ ಒಂದು ಕೂಗು ಬರಲಿ.

ದೂರವೂ ಒಂದು ಸಾಧನ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಕೆರೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರ ಕೈ ಬಂಡೆಗೆ ಬಡಿದ ಅರ್ಧ ಸೆಕೆಂಡಿನ ಮೇಲೆ ಸದ್ದು ನಮ್ಮನ್ನು ಮುಟ್ಟುತ್ತದೆ. ಸಂಕಲನದಲ್ಲಿ ಈ ಅಂತರವನ್ನು ಸರಿಪಡಿಸುವುದು ರೂಢಿ. ಲೋಕದಿಂದ ದೂರ ಸರಿದವನ ಕಿವಿಯಲ್ಲಿ ಅದನ್ನು ಹಾಗೆಯೇ ಬಿಡಿ.

ಚಿತ್ರೀಕರಣಕ್ಕೆ ಕರೆಂಟಿನ ಸಂಪರ್ಕವೇ ಇಲ್ಲದ ಡಬ್ಬಿಯನ್ನು ಬಳಸಿ, ಒಳಗಿನ ದೀಪಗಳಿಗೆ ಬ್ಯಾಟರಿ ಇಡಿ. ಇಂಥ ಸಾವು ಕಂಡ ಮನೆಯ ಬಾಗಿಲಿಗೆ ಅನುಮತಿಯಿಲ್ಲದೆ ಕ್ಯಾಮೆರಾ ಒಯ್ಯಬೇಡಿ.

ಕೊನೆಯ ದೃಶ್ಯದಲ್ಲಿ ಹಸಿರು ಗುಂಡಿಯನ್ನು ಒತ್ತುವ ಬೆರಳನ್ನು ತೋರಿಸುವ ಅಗತ್ಯವಿಲ್ಲ. ಕ್ಯಾಮೆರಾ ನೀರು ಬೀಳುವ ತೊಟ್ಟಿಯ ಮೇಲಿರಲಿ. 'ಟಕ್' ಎಂಬ ಸದ್ದು, ಗುಂಯ್, ಬಳಿಕ ಖಾಲಿ ಪೈಪಿನಲ್ಲಿ ಗಾಳಿ ಕೆಮ್ಮುವ ಸದ್ದು, ಆಮೇಲೆ ಒಮ್ಮೆಲೇ ನೀರು. ಆ ನೀರಿನ ಭೋರಿನಡಿ ಗುಂಯ್ ಮುಚ್ಚಿಹೋಗಲಿ, ಆದರೆ ಪೂರ್ತಿ ಅಳಿಸಬೇಡಿ. ಸಂಗೀತವಿಲ್ಲದೆ ಹೆಸರುಗಳು ಅದರ ಮೇಲೆಯೇ ಸರಿಯಲಿ.