ಜಾಕ್ಸನ್ ಹೈಟ್ಸ್‌ನಲ್ಲಿ ಮನೆ ಮಾಡುವ ಕನ್ನಡಿಗರಿಗೆ

ನ್ಯೂಯಾರ್ಕಿಗೆ ಹೊಸದಾಗಿ ಬರುವ ನಮ್ಮವರಲ್ಲಿ ಬಹುಪಾಲು ಜನರಿಗೆ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್ ಎಂದರೆ 74ನೇ ಬೀದಿಯಷ್ಟೇ. ತೊಗರಿಬೇಳೆ, ಕರಿಬೇವು ಕೊಂಡು, ಚಿನ್ನದಂಗಡಿಗಳನ್ನು ನೋಡಿಕೊಂಡು ರೈಲು ಹತ್ತಿಬಿಡುತ್ತಾರೆ. ಇಲ್ಲಿಯೇ ಮನೆ ಮಾಡಬೇಕೆಂದಿರುವವರು ಪೂರ್ವಕ್ಕೆ ಐದಾರು ಬೀದಿ ದಾಟಿ, 80ನೇ ಬೀದಿಯ ಆಸುಪಾಸಿನಲ್ಲಿ ನಿಧಾನವಾಗಿ ನಡೆದು ನೋಡಬೇಕು.

1909ರಲ್ಲಿ ಕ್ವೀನ್ಸ್‌ಬರೋ ಸೇತುವೆಯೂ 1917ರಲ್ಲಿ ರೂಸ್‌ವೆಲ್ಟ್ ಅವೆನ್ಯೂ ಮೇಲಿನ ರೈಲೂ ಬಂದು ಮ್ಯಾನ್‌ಹಟನ್ ಹತ್ತಿರವಾದಾಗ, ಎಡ್ವರ್ಡ್ ಮ್ಯಾಕ್‌ಡೌಗಲ್ ಅವರ ಕ್ವೀನ್ಸ್‌ಬರೋ ಕಾರ್ಪೊರೇಷನ್ ಹೊಲಗಳಿದ್ದ ಈ ಜಾಗದಲ್ಲಿ ಯೋಜಿತ ಬಡಾವಣೆಯೊಂದನ್ನು ಕಟ್ಟಿತು. ಇಟ್ಟಿಗೆಯ ಕಟ್ಟಡಗಳು ಬೀದಿಯಂಚಿಗೆ ನಿಂತಿದ್ದು, ಅವುಗಳ ಬೆನ್ನಿಗೆ ರಸ್ತೆಯಿಂದ ಕಾಣದ ಉದ್ದನೆಯ ತೋಟವಿರುತ್ತದೆ. ನಮ್ಮ ತೊಟ್ಟಿಮನೆಯ ಅಂಗಳದಂತೆ ಅದು ಒಳಗಿನವರದೇ. ಆ ಚೆಲುವಿನ ಹಿಂದೆ ಅನ್ಯಾಯವೂ ಇತ್ತೆಂಬುದನ್ನು ಮರೆಯಬಾರದು: ಯಹೂದಿಗಳಿಗೂ ಕಪ್ಪು ಜನರಿಗೂ ಆಗ ಇಲ್ಲಿ ಮನೆ ಕೊಡುತ್ತಿರಲಿಲ್ಲ.

1965ರ ವಲಸೆ ಕಾನೂನಿನ ನಂತರ ಭಾರತದಿಂದ ವೈದ್ಯರು, ಎಂಜಿನಿಯರುಗಳು ಅಮೆರಿಕಕ್ಕೆ ಬರತೊಡಗಿದರು. 1970ರ ದಶಕದಲ್ಲಿ 74ನೇ ಬೀದಿಯಲ್ಲಿ ತೆರೆದ ಸ್ಯಾಮ್ ಅಂಡ್ ರಾಜ್ ಅಂಗಡಿಯಲ್ಲಿ ಊರಿಗೆ ಒಯ್ಯಲು 220 ವೋಲ್ಟಿನ ಉಪಕರಣಗಳು ಸಿಗುತ್ತಿದ್ದವು, ಅದರ ಸುತ್ತ ಸೀರೆ, ಚಿನ್ನ, ದಿನಸಿಯ ಪೇಟೆ ಬೆಳೆಯಿತು. ಅನುಕೂಲವಾದ ಕುಟುಂಬಗಳಲ್ಲಿ ಹಲವು ಲಾಂಗ್ ಐಲೆಂಡ್, ನ್ಯೂಜೆರ್ಸಿಗಳಿಗೆ ಹೋದವು. ಇಂದು ಅದೇ ಪೇಟೆಯಲ್ಲಿ ಬಂಗಾಳಿ ನಾಮಫಲಕಗಳು, ಟಿಬೆಟನ್ನರ ಮತ್ತು ನೇಪಾಳಿಗಳ ಮೊಮೊ ಅಂಗಡಿಗಳು ಹೆಚ್ಚಾಗಿವೆ. ರೂಸ್‌ವೆಲ್ಟ್ ಅವೆನ್ಯೂ ಉದ್ದಕ್ಕೂ ಕೊಲಂಬಿಯ, ಎಕ್ವಡಾರ್‌ಗಳ ಸ್ಪ್ಯಾನಿಷ್ ಕೇಳಿಸುತ್ತದೆ. "ನಮ್ಮ ಬೀದಿ ಕೆಟ್ಟಿತು" ಎಂದು ಹಳಬರಲ್ಲಿ ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ನಮಗೂ ಜಾಗ ಸಿಕ್ಕಿದ್ದು ಹಿಂದಿನವರು ತೆರವು ಮಾಡಿದ್ದರಿಂದಲೇ.

ಹಳೆಯ ಕಟ್ಟಡಗಳಲ್ಲಿ ಬಹಳಷ್ಟು ಕೋ-ಆಪ್‌ಗಳು, ಅಂದರೆ ನೀವು ಕೊಳ್ಳುವುದು ಮನೆಯನ್ನಲ್ಲ, ಕಟ್ಟಡದ ಒಡೆತನವಿರುವ ಸಂಸ್ಥೆಯ ಶೇರುಗಳನ್ನು. ಆಡಳಿತ ಮಂಡಳಿ ನಿಮ್ಮ ಆದಾಯದ ಕಾಗದಗಳನ್ನು ಪರಿಶೀಲಿಸಿ, ಸಂದರ್ಶನ ಮಾಡಿ ಒಪ್ಪಿದರೆ ಮಾತ್ರ ವ್ಯವಹಾರ ಮುಗಿಯುತ್ತದೆ. ಆದ್ದರಿಂದ ತಿಂಗಳ ನಿರ್ವಹಣಾ ಶುಲ್ಕ ಎಷ್ಟು, ಮುಂದೆ ಬಾಡಿಗೆಗೆ ಕೊಡಲು ಅವಕಾಶವಿದೆಯೇ, ತೋಟದಲ್ಲಿ ಮಕ್ಕಳು ಆಡಬಹುದೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಬಡಾವಣೆಯ ದೊಡ್ಡ ಭಾಗವು 1993ರಿಂದ ಪಾರಂಪರಿಕ ಪ್ರದೇಶವಾಗಿರುವುದರಿಂದ, ಅಲ್ಲಿ ಕಿಟಕಿ ಬದಲಿಸುವುದಕ್ಕೂ ಅನುಮತಿ ಬೇಕಾಗಬಹುದು.

ವಿಳಾಸದಲ್ಲಿ ಎಚ್ಚರವಿರಲಿ, 37ನೇ ಅವೆನ್ಯೂ ಮತ್ತು 37ನೇ ರೋಡ್ ಬೇರೆ ಬೇರೆ. 7ನೇ ನಂಬರಿನ ರೈಲಿನಲ್ಲಿ ಕೊನೆಯ ನಿಲ್ದಾಣಕ್ಕೆ ಹೋದರೆ ಫ್ಲಶಿಂಗ್. ಅಲ್ಲಿಂದ ಬಸ್ಸಿನಲ್ಲಿ, ಇಲ್ಲವೇ ನಡೆದು, 1977ರಲ್ಲಿ ಪ್ರತಿಷ್ಠಾಪನೆಯಾದ ಗಣೇಶ ದೇವಸ್ಥಾನವನ್ನು ತಲುಪಬಹುದು, ಅಲ್ಲಿನ ಕ್ಯಾಂಟೀನಿನಲ್ಲಿ ದೋಸೆಯೂ ಉಂಟು. ಆದರೆ ನೆರೆಹೊರೆಯ ಪರಿಚಯಕ್ಕೆ 34ನೇ ಅವೆನ್ಯೂಗಿಂತ ಒಳ್ಳೆಯ ಜಾಗವಿಲ್ಲ: 2020ರಿಂದ ಅಲ್ಲಿ ಹಗಲು ವಾಹನ ಸಂಚಾರಕ್ಕೆ ನಿರ್ಬಂಧವಿದ್ದು, ಶಾಲೆ ಬಿಟ್ಟ ಮೇಲೆ ಎಲ್ಲ ಭಾಷೆಯ ಮಕ್ಕಳೂ ಸೈಕಲ್ ತುಳಿಯುತ್ತಿರುತ್ತಾರೆ.